ಅಂತರಪಟ ಹಿಡಿದವನ ಮಗ

ಮದುವೆಗೆ ಇನ್ನೂ ಎರಡು ದಿನ ಇರುವಾಗಲೇ ಬೀಗರ ಕಡೆಯ ಒಬ್ಬ ಮುದುಕ ನೆಲಕ್ಕೆ ಸಿಕ್ಕಿಬಿದ್ದ. ಪರವೂರಿನವನು, ಪಾಪ. ಊರ ಧಣಿ ದೇಸಾಯರ ದೊಡ್ಡ ಮನೆಯಾದ ವಾಡೆಯ ಪಡಸಾಲೆಯಲ್ಲಿ ಕತ್ತೆತ್ತಿ, ತೊಲೆಯ ಮೇಲೆ ಕೆತ್ತಿದ ಗಿಳಿಗಳನ್ನು ನೋಡುತ್ತ ನಿಂತನಂತೆ. ಬೇಸಿಗೆಯಲ್ಲಿ ವಾಡೆಯೊಳಗೆ ಯಾರೂ ಹಾಗೆ ನಿಲ್ಲುವುದಿಲ್ಲ. ಒಂದು ಎಲೆಯಡಿಕೆ ಜಗಿದು ಉಗುಳುವಷ್ಟು ಹೊತ್ತು ಒಂದೇ ಹಾಸುಗಲ್ಲಿನ ಮೇಲೆ ನಿಂತರೆ ಸಾಕು, ಕಲ್ಲು ಅಂಗಾಲನ್ನು ಹಿಡಿಯುತ್ತದೆ. ಹಿಡಿದದ್ದನ್ನು ಬಿಡುವುದು ಮೊದಲ ಮಳೆಗೆ. ಕೊಡ, ಕೊಪ್ಪರಿಗೆ, ಪೆಟ್ಟಿಗೆ ಇವನ್ನೆಲ್ಲ ಹಿಡಿಯುವುದಿಲ್ಲ, ಜೀವ ಇದ್ದದ್ದನ್ನು ಮಾತ್ರ. ಯುಗಾದಿ ಕಳೆದ ಮೇಲೆ ವಾಡೆಯ ಬೆಕ್ಕುಗಳು ಸಹ ಗೋಡೆ ಬಿಟ್ಟು ಇಳಿಯುವುದಿಲ್ಲ.

ನಾನು ಹೋದಾಗ ಮುದುಕ ಅಳುತ್ತಿರಲಿಲ್ಲ, ನಗುತ್ತಿದ್ದ. ಅವನ ಹಿಂದೆ ಒಂದು ಮಣೆ ತೂಗುಹಾಕಿಕೊಡು ಎಂದು ದೇಸಾಯರು ಹೇಳಿಕಳಿಸಿದ್ದರು. ಕಟ್ಟಿಕೊಟ್ಟೆ. ಅವನು ಅದರ ಮೇಲೆ ಕೂತು, ಕಾಲು ನೆಲಕ್ಕೇ ಬಿಟ್ಟುಕೊಂಡು, ಬಂದವರಿಗೆಲ್ಲ ಅತ್ತರು ಹಚ್ಚುವ ಕೆಲಸ ತಾನೇ ಕೇಳಿ ಇಸಿದುಕೊಂಡ. ಮಂದಿ ಅವನ ಸುತ್ತ ತಿರುಗುತ್ತ, ಕೈ ಚಾಚಿ ಹಚ್ಚಿಸಿಕೊಂಡು ಹೋಗುತ್ತಿದ್ದರು.

ನನ್ನ ಅಪ್ಪನಿಗೆ ಯಾರೂ ಮಣೆ ಕಟ್ಟಿಕೊಟ್ಟಿರಲಿಲ್ಲ. ಅರವತ್ಮೂರು ದಿನ ನಿಂತಿದ್ದ.

ನನ್ನ ಹೆಸರು ಯಮನೂರ. ವಾಡೆಯಲ್ಲಿ ಬೇಸಿಗೆಯ ಕಾರ್ಯ ಬಂದರೆ ಹಗ್ಗ ಹಾಕುವವನು ನಾನು. ಮಲಗುವ ಮಂಚ, ಊಟದ ಹಲಗೆ, ಮದುಮಕ್ಕಳು ನಿಲ್ಲುವ ಮಣೆ ಎಲ್ಲವೂ ತೊಲೆಯಿಂದ ತೂಗಬೇಕು. ಅಡುಗೆಯವರು ಒಲೆಯಿಂದ ಒಲೆಗೆ ಜಾಗ ಬದಲಿಸುತ್ತ ಬೇಯಿಸುತ್ತಾರೆ. ದೇಸಾಯರ ಮನೆಯವರು ಹುಟ್ಟಿದಾಗಿನಿಂದ ರೂಢಿಯಾಗಿ, ಹೆಜ್ಜೆ ಹಾಕುತ್ತಲೇ ಮಾತಾಡುತ್ತಾರೆ, ಹೆಜ್ಜೆ ಹಾಕುತ್ತಲೇ ಬೈಯುತ್ತಾರೆ. ಆ ಮನೆಯನ್ನು ಕಂಡರೆ ನನ್ನ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತಾಗುತ್ತದೆ. ಮತ್ತೆ ಯಾಕೆ ಹೋಗುತ್ತೀ ಎಂದರೆ, ಅಷ್ಟು ಎತ್ತರದ ತೊಲೆಯ ಮೇಲೆ ಓಡಾಡಿ ಗಂಟು ಹಾಕುವ ಕೆಲಸ ಊರಿನಲ್ಲಿ ಬೇರೆಲ್ಲಿಯೂ ಇಲ್ಲ, ನನಗೆ ಬರುವುದೂ ಅದೊಂದೇ.

ಶಾಲೆ ಬಿಟ್ಟಿದ್ದು ಆರನೇ ಇಯತ್ತೆಯಲ್ಲಿ. ಆ ವರ್ಷ ದೇಸಾಯರ ಹಿರಿಯ ಮಗಳ ಮದುವೆ, ಅದೂ ಬೇಸಿಗೆಯಲ್ಲೇ. ಮದುಮಕ್ಕಳ ನಡುವೆ ಹಿಡಿಯುವ ಅಂತರಪಟ ಇದೆಯಲ್ಲ, ವಾಡೆಯಲ್ಲಿ ಅದರ ಒಂದು ತುದಿಯನ್ನು ಕಂಬಕ್ಕೆ ಕಟ್ಟುತ್ತಾರೆ, ಇನ್ನೊಂದು ತುದಿಯನ್ನು ಒಬ್ಬ ಮನುಷ್ಯ ನೆಲದ ಮೇಲೆ ನಿಂತು ಹಿಡಿಯಬೇಕು. ಮಂಗಳಾಷ್ಟಕ ಮುಗಿಯುವವರೆಗೆ ಪಟ ಅಲುಗಬಾರದು, ಕೈ ಬದಲಾಗಬಾರದು. ಮುಗಿಯುವ ಹೊತ್ತಿಗೆ ಹಿಡಿದವನು ನೆಲದವನಾಗಿರುತ್ತಾನೆ. ದೇಸಾಯರ ತಂಗಿಯ ಮದುವೆಗೂ ಹಿಡಿದವನು ನನ್ನ ಅಪ್ಪ ಫಕೀರಪ್ಪನೇ. ಹಿರಿಯ ಮಗಳ ವರ್ಷ ಮಳೆ ತಡವಾಯಿತು. ಅವ್ವ ಕೂಲಿಗೆ ಹೋಗಬೇಕು, ಆದ್ದರಿಂದ ಅಪ್ಪನಿಗೆ ಅನ್ನ ನೀರು ಒಯ್ಯುವವನು ನಾನು. ಅವನ ಕೆಳಗೆ ತಂಬಿಗೆ ಹಿಡಿದು, ಆಮೇಲೆ ನೆಲ ತೊಳೆಯುವವನೂ ನಾನು. ತೊಳೆಯುವಾಗಲೂ ಕಲ್ಲಿನಿಂದ ಕಲ್ಲಿಗೆ ಹಾರುತ್ತ ತೊಳೆಯಬೇಕು. ವಾಡೆಯವರು ಮೂಗಿಗೆ ಸೆರಗು ಹಿಡಿದು ಸುತ್ತುಬಳಸಿ ಹೋಗುತ್ತಿದ್ದರು. ಜೂನಿನಲ್ಲಿ ಶಾಲೆ ಸುರುವಾಯಿತು, ನಾನು ಹೋಗಲಿಲ್ಲ. ಮಳೆ ಬಂದ ಮೇಲೂ ಹೋಗಲಿಲ್ಲ. ಒಂದು ಕಡೆ ಕೂತರೆ ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು. ಈಗಲೂ ಆಗುತ್ತದೆ.

ಅಪ್ಪ ಮಾತ್ರ ಆಗ ದೇಸಾಯರು ತಲೆಗೆ ಸುತ್ತಲು ಕೊಟ್ಟ ರುಮಾಲನ್ನು ಗಂಟು ಕಟ್ಟಿ ಇಟ್ಟುಕೊಂಡ. ಅವನ ಅಂಗಾಲು ಸುಣ್ಣದಂತೆ ಬಿಳುಪಾಗಿ ಉಳಿಯಿತು. ಸುಡುವ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಎದ್ದರೂ ಅವನಿಗೆ ಗೊತ್ತಾಗುವುದಿಲ್ಲ. ಎರಡು ಕೋಲು ಊರಿಕೊಂಡು ಓಡಾಡುತ್ತಾನೆ. ಹೋದ ವರ್ಷ ದೊಡ್ಡ ಊರಿನ ಡಾಕ್ಟರು ಕಾಲು ಒತ್ತಿ ನೋಡಿ, ಇನ್ನೊಮ್ಮೆ ನಿಂತರೆ ಮೊಣಕಾಲಿನವರೆಗೆ ತೆಗೆಯಬೇಕಾಗುತ್ತದೆ ಎಂದು ಸಾಫ್ ಹೇಳಿ ಕಳಿಸಿದ್ದರು.

ಈಗ ಕಿರಿಯ ಮಗಳು ಇಂದುಮತಿಯ ಮದುವೆ. ಬೀಗರ ಕಡೆಯವರೆಲ್ಲ ಮಾಸ್ತರು, ಮಾಸ್ತರಿಣಿಯರು. ರಜೆ ಬೇಸಿಗೆಯಲ್ಲಿ ಮಾತ್ರ. ಮದುವೆ ವಾಡೆಯಲ್ಲೇ ಆಗಬೇಕು ಎಂಬುದು ದೇಸಾಯರ ಹಟ, ರಜೆಯಲ್ಲೇ ಆಗಬೇಕು ಎಂಬುದು ಅವರ ಹಟ. ಎರಡು ಹಟಗಳ ನಡುವೆ ಸಿಕ್ಕಿದ್ದು ಅಪ್ಪನ ಕಾಲು.

ಮುದುಕನಿಗೆ ಮಣೆ ಕಟ್ಟಿ ಇಳಿದವನೇ ದೇಸಾಯರ ಬೆನ್ನುಹತ್ತಿದೆ. ವಾಮನರಾವ ದೇಸಾಯರು ಪಡಸಾಲೆಯ ಉದ್ದಕ್ಕೂ ಹೋಗಿ ಬಂದು ಮಾಡುತ್ತಿದ್ದರು.

"ಧಣ್ಯಾರ, ಒಂದ್ ಮಾತ್ರೀ."

"ನಡಕೋತ ಹೇಳೋ."

"ಈ ಸಲ ನಮ್ಮಪ್ಪ ನಿಲ್ಲೂದಿಲ್ರಿ."

"ಅಂವಾ ಹೂಂ ಅಂದಾನಲ್ಲೋ. ಯುಗಾದಿ ದಿನಾನ ಬಂದು ಅಂದು ಹೋಗ್ಯಾನ."

"ಅಂವಾ ಅಂತಾನ್ರಿ. ಅವನ ಕಾಲು ಅನ್ನೂದಿಲ್ಲ."

ದೇಸಾಯರು ನಕ್ಕರು. ತಿರುಗಿದರು. ನಾನೂ ತಿರುಗಿದೆ.

"ಊರಾಗ ಎಲ್ಲಾರ ಮನ್ಯಾಗೂ ಸ್ವಾದರಮಾವನ ಅಂತರಪಟ ಹಿಡೀತಾನ್ರಿ. ಇಂದಕ್ಕಾರ ಮಾವ ಮಾಧವರಾಯರು ಇಲ್ಲೇ ಅದಾರಲ್ರಿ."

ಮಾಧವರಾಯರು ಬಾಗಿಲ ಬಳಿಯ ತೂಗುಮಂಚದ ಮೇಲೆ ಕಾಲು ಮಡಚಿ ಕೂತು ಮಾವಿನಹಣ್ಣು ಚೀಪುತ್ತಿದ್ದರು. ಓಟೆಯನ್ನು ಬಾಯಿಂದ ತೆಗೆದು, "ನನಗ ಮೊಣಕಾಲ ಬ್ಯಾನಿ ಅದನೋ ತಮ್ಮಾ" ಎಂದರು.

"ಕೇಳಿದ್ಯಾ? ಮಾಧವಗ ಬ್ಯಾನಿ ಅದ. ನಿಮ್ಮಪ್ಪಗ ರೂಢಿ ಆಗ್ಯದ" ಎಂದರು ದೇಸಾಯರು. "ಅಷ್ಟ್ ಸಂಕಟ ಆದ್ರ ನೀ ನಿಲ್ಲು. ನನಗ್ಯಾರಾದ್ರೇನು?"

ರೂಢಿ ಆಗ್ಯದ. ಆ ಮಾತು ಕೇಳಿ ಕಿವಿಯೊಳಗೆ ಗುಂಯ್ ಎಂದಿತು. ಕೈಯಲ್ಲಿ ಹಗ್ಗ ಕತ್ತರಿಸುವ ಕುಡುಗೋಲು ಇತ್ತು. ಅದನ್ನು ಸೊಂಟಕ್ಕೆ ಸಿಗಿಸಿಕೊಂಡು ಅಲ್ಲಿಂದ ಹೊರಟೆ.

ಪುರೋಹಿತರು ಭೀಮಾಚಾರ್ಯರು ಹಿತ್ತಲ ಕಟ್ಟೆಯ ಸುತ್ತ ತಿರುಗುತ್ತ ಸಾಮಾನಿನ ಯಾದಿ ಓದುತ್ತಿದ್ದರು. ಅವರ ಹಿಂದೆ ನಾನು ಮೂರು ಸುತ್ತು ಹಾಕಿದೆ.

"ಆಚಾರ್ರ, ಪಟದ ಎರಡೂ ತುದಿ ಕಂಬಕ್ಕ ಕಟ್ಟಿಬಿಡೂಣ್ರಿ."

"ಎರಡೂ ಕಟ್ಟಿದ್ರ ಅದು ಪಡದ ಆಗ್ತದ. ನಾಟಕಾ ಆಡ್ಸೂದದ ಏನು?"

"ಹಂಗಾರ ಮಂಗಳಾಷ್ಟಕ ಎರಡ ಹೇಳ್ರಿ."

"ಎಂಟು ಅಂದ್ರ ಎಂಟು. ಅದ್ರಾಗೂ ಬೀಗರ ಕಡೆ ಹೆಣ್ಮಕ್ಕಳು ತಾವ ಬರದು ತಂದಾರಂತ. ನಾ ಮೂರು ಹೇಳ್ಬೇಕಂತ, ಉಳದದ್ದು ಅವರಂತ. ಒಬ್ಬೊಬ್ರ ಕೈಯಾಗ ಇಷ್ಟುದ್ದ ಕಾಗದಾ."

"ಕಡೀಗೆ ನಮ್ಮಪ್ಪಗೂ ಒಂದು ಮಣಿ ತೂಗು ಹಾಕ್ತೀನ್ರಿ. ನೆಲದಿಂದ ಒಂದ ಬಟ್ಟು ಮ್ಯಾಲೆ. ನಾಕೂ ಮೂಲಿ ಬಿಗೀತೀನಿ, ಒಟ್ಟ ಅಲಗಾಡೂದಿಲ್ಲ."

ಆಚಾರ್ಯರು ಹೆಜ್ಜೆ ನಿಧಾನ ಮಾಡಿದರೇ ಹೊರತು ನಿಲ್ಲಲಿಲ್ಲ. "ಮಣಿ ಮ್ಯಾಲೆ ನಿಲ್ಲೂ ಮರ್ಯಾದಿ ಮದಿಮಕ್ಕಳದು ಅಪ್ಪಾ. ಹಿಡಿಯಾಂವಗ ನೆಲಾನ. ಇದು ನಾ ಮಾಡಿದ್ದಲ್ಲ."

"ಮತ್ತ ಯಾರ್ ಮಾಡಿದ್ರಿ?"

ಆಚಾರ್ಯರು ಮತ್ತೆ ಯಾದಿ ಓದತೊಡಗಿದರು.

ಅಲ್ಲೇ ತಿರುಗುತ್ತಿದ್ದ ವರನ ಚಿಕ್ಕಮ್ಮ ಇದನ್ನೆಲ್ಲ ಕೇಳಿಸಿಕೊಂಡಳೆಂದು ಕಾಣುತ್ತದೆ. ಕನ್ನಡಕ ಸರಿಮಾಡಿಕೊಂಡು, "ಯಾವ ತರಗತಿ ಓದೀಯಪ್ಪಾ ನೀನು?" ಎಂದು ಕೇಳಿದಳು.

"ಆರೂ ಆಗಿಲ್ರಿ."

"ಅದಕ್ಕ ಸಿಟ್ಟು ಭಾಳ ಅದ. ಓದಿದ್ರ ಕಮ್ಮಿ ಆಗ್ತಿತ್ತು" ಎಂದು ಮುಂದೆ ಹೋದಳು.

ಅಂದು ಹೊತ್ತು ಮುಳುಗುವ ಮುಂಚೆ ಮನೆಗೆ ಬಂದರೆ ಅಪ್ಪ ಅಂಗಳದಲ್ಲಿ ಕೂತು ರುಮಾಲನ್ನು ಒದ್ದೆ ಮಾಡಿ ಹಿಂಡುತ್ತಿದ್ದ. ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಅಲ್ಲಲ್ಲಿ ಹುಳ ತಿಂದಿತ್ತು.

"ಮಣಿ ಹಾಕ್ತೀನಿ ಅಂದ್ಯಂತ?" ಎಂದು ತಲೆ ಎತ್ತದೆ ಕೇಳಿದ. ಸುದ್ದಿ ನನಗಿಂತ ಮುಂಚೆ ಬಂದಿತ್ತು.

"ಹೂಂ. ಅಂದೆ."

"ಮದಿಮಕ್ಕಳ ಸರಿಸಮ ಮಣಿ ಮ್ಯಾಲೆ ನಿಲ್ಲಾಕ ನನಗೇನ್ ಹುಚ್ ಹಿಡದೈತಿ? ಮಂದಿ ಏನಂದಾರು?"

"ಕಾಲು ಕೊಯ್ದ ಮ್ಯಾಲೆ ಮಂದಿ ಏನಂತಾರ?"

"ವಾಡೇದ ಲಗ್ನಕ್ಕ ಕಾಲು ಕೊಟ್ಟಾಂವ ಅಂತಾರ" ಎಂದ. ಎಷ್ಟು ಸಹಜವಾಗಿ ಅಂದನೆಂದರೆ, ರುಮಾಲನ್ನು ಕಸಿದು ತಿಪ್ಪೆಗೆ ಎಸೆಯಬೇಕೆನಿಸಿತು. ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಾಲ್ಕು ಸಲ ತಿರುಗಾಡಿದೆ.

ಅವ್ವ ನನ್ನನ್ನು ಒಲೆಯ ಹತ್ತಿರ ಕರೆದಳು. "ಅಂವಾ ಕೇಳೂದಿಲ್ಲ. ಮೊದಲ ಸಲ ಧಣ್ಯಾರು ಅವನ ಹೆಸರ ಹಿಡದು ಕರದಿದ್ದು ಆ ಪಟ ಹಿಡದಾಗ. ಅಲ್ಲೀತನಾ 'ಏ, ಲೇ' ಅಂತಿದ್ರು" ಎಂದಳು. ರೊಟ್ಟಿ ತಿರುವಿ ಹಾಕಿದಳು. "ನೀ ನಿಲ್ಲೋ ಯಮನೂರ. ನಿನ್ನ ಕಾಲು ಎಳೇವು ಅದಾವು. ಒಂದ್ ಸಲಕ್ಕ ಏನಾಗೂದಿಲ್ಲ."

ಹೂಂ ಎಂದೆ. ಬಸ್ಸಿಗೆ ಕಾಯುವುದಕ್ಕೂ ಒಂದು ಕಡೆ ನಿಲ್ಲಲಾರದವನು ನಾನು. ಮೇ ತಿಂಗಳ ನಡುವಿನಿಂದ ಮಳೆಯವರೆಗೆ ಒಂದು ಕಲ್ಲಿನ ಮೇಲೆ ನಿಲ್ಲುವುದೆಂದರೆ! ಅದೂ ದೇಸಾಯರು ಎದುರಿಗೆ ಓಡಾಡುವುದನ್ನು ನೋಡುತ್ತ. ಆದರೂ ಹೂಂ ಎಂದಿದ್ದೆ. ಸುಳ್ಳು ಹೇಳಿರಲಿಲ್ಲ.

ಮದುವೆಯ ದಿನ ಮುಹೂರ್ತ ಹನ್ನೊಂದು ನಲವತ್ತಕ್ಕೆ. ಮುಂಜಾನೆಯಿಂದಲೇ ಪಡಸಾಲೆ ಬೀಸುವ ಕಲ್ಲಿನಂತೆ ತಿರುಗುತ್ತಿತ್ತು. ಗಂಡಸರು ಒಂದು ಸುತ್ತು, ಹೆಂಗಸರು ಒಳಗಿನ ಸುತ್ತು, ಮಕ್ಕಳು ಅಡ್ಡಾದಿಡ್ಡಿ. ಫೋಟೋದವನು ಹಿಂದೆ ಹಿಂದೆ ನಡೆಯುತ್ತ ಫೋಟೋ ಹೊಡೆಯುತ್ತಿದ್ದ. ಡೊಳ್ಳುಹೊಟ್ಟೆಯ ಮಾಸ್ತರೊಬ್ಬ ಬೆವರು ಒರೆಸಿಕೊಳ್ಳುತ್ತ, "ಇದು ಲಗ್ನ ಅಲ್ಲಪ್ಪಾ, ಕವಾಯತು" ಎಂದು ಗೊಣಗುತ್ತಿದ್ದ. ಸಿಕ್ಕಿಬಿದ್ದ ಮುದುಕ ಮಾತ್ರ ಮಣೆಯ ಮೇಲೆ ಹಾಯಾಗಿದ್ದ.

ನಾನು ತೊಲೆಯ ಮೇಲಿದ್ದೆ. ಮದುಮಕ್ಕಳ ಎರಡು ಮಣೆಗಳ ಗಂಟನ್ನು ಕಡೆಯ ಸಲ ನೋಡಿ ಇಳಿಯುವುದು, ಇಳಿದು ಪಟ ಹಿಡಿಯುವುದು ಎಂದು ಅವ್ವನಿಗೆ ಹೇಳಿ ಬಂದಿದ್ದೆ. ಗಂಟು ಸರಿಯಾಗಿಯೇ ಇತ್ತು. ಆದರೂ ಬಿಚ್ಚಿ ಮತ್ತೆ ಹಾಕಿದೆ. ಇನ್ನೊಂದನ್ನೂ ಬಿಚ್ಚಿ ಹಾಕಿದೆ. ಅದು ಕೆಲಸದ ಮೇಲಿನ ಕಾಳಜಿಯೋ, ಅಂಜಿಕೆಯೋ, ಇಂದಿಗೂ ಎದೆ ಮುಟ್ಟಿ ಹೇಳಲಾರೆ. ಮೂರನೆಯ ಸಲ ಹಗ್ಗ ಜಗ್ಗುವಾಗ ಕೆಳಗೆ ಸನಾದಿ ಊದಿದರು. ನೋಡಿದರೆ ಇಂದುಮತಿ ಒಂದು ಮಣೆಯ ಮೇಲೆ, ವರ ಇನ್ನೊಂದರ ಮೇಲೆ. ನಡುವೆ ಬಿಳಿಯ ಪಟ. ಅದರ ತುದಿ ಹಿಡಿದು, ಹುಳ ತಿಂದ ರುಮಾಲು ಸುತ್ತಿಕೊಂಡು, ನನ್ನ ಅಪ್ಪ ನಿಂತಿದ್ದ. ಎರಡೂ ಕೋಲುಗಳನ್ನು ಕಂಬಕ್ಕೆ ಒರಗಿಸಿಟ್ಟಿದ್ದ.

ಕೈ ಬದಲಾಗುವಂತಿಲ್ಲ. ಆಚಾರ್ಯರು ಮೊದಲನೆಯ ಶ್ಲೋಕ ಹಿಡಿದೇಬಿಟ್ಟರು. ಮಂದಿ ತಿರುಗುತ್ತ ಅಕ್ಷತೆ ಎಸೆದರು.

ಹಗ್ಗ ಹಿಡಿದು ಜಾರಿ ಇಳಿದೆ. ಅಂಗೈ ಸುಲಿದುಹೋಯಿತು. ಮಂದಿಯ ಸುತ್ತನ್ನು ಸೀಳಿಕೊಂಡು ಹೋಗುವಷ್ಟರಲ್ಲಿ ಎರಡನೆಯದೂ ಮುಗಿದು, ಆಚಾರ್ಯರು ಮೂರನೆಯದನ್ನು ಅವಸರವಾಗಿ ಹೇಳಿ ಮುಗಿಸಿದರು. ನನ್ನ ಮುಖ ನೋಡಿಯೇ ಅವಸರ ಮಾಡಿದರು ಎಂದು ಆಮೇಲೆ ಅನ್ನಿಸಿತು. ಆದರೆ ನಾಲ್ಕನೆಯದು ಆ ಚಿಕ್ಕಮ್ಮನದು. ಅವಳು ಸೊಂಟದಿಂದ ಕಾಗದ ತೆಗೆದು, ಬಿಡಿಸಿ, ಗಂಟಲು ಸರಿಮಾಡಿಕೊಂಡು, ಕನ್ನಡಕ ಹುಡುಕಿ, ಆಮೇಲೆ ರಾಗ ಎಳೆದಳು. ವರನ ಅಜ್ಜ ಎಷ್ಟು ಶಾಲೆಗಳಲ್ಲಿ ಹೆಡ್‌ಮಾಸ್ತರಾಗಿದ್ದ ಎಂಬುದರಿಂದ ಸುರುಮಾಡಿದಳು. ಒಂದೊಂದು ಸಾಲನ್ನೂ ಎರಡೆರಡು ಸಲ. ಅವಳ ಹಿಂದೆ ಇನ್ನೂ ನಾಲ್ವರು ಕಾಗದ ಹಿಡಿದು ಸರದಿಗೆ ತಿರುಗುತ್ತಿದ್ದರು.

ನಾನು ಅಪ್ಪನ ಮುಖ ನೋಡಿದೆ. ಕಣ್ಣು ಮುಚ್ಚಿಕೊಂಡಿದ್ದ. ಕಲ್ಲು ಹಿಡಿಯುವ ಮೊದಲು ಹಾಗಾಗುತ್ತದೆ, ನಿದ್ದೆ ಹತ್ತುವವರಂತೆ. ಅವನ ತುಟಿಯ ಮೂಲೆಯಲ್ಲಿ ನಗು ಇತ್ತು. ಆ ನಗುವೇ ನನ್ನ ತಲೆ ಕೆಡಿಸಿತು.

ಎರಡೂ ಕೈಯಿಂದ ಪಟ ಹಿಡಿದು ಜಗ್ಗಿದೆ. ಪರ್ ಎಂದು ನಡುವೆ ಹರಿದು ಕೆಳಗೆ ಬಿತ್ತು.

ಚಿಕ್ಕಮ್ಮನ ರಾಗ ಅರ್ಧಕ್ಕೆ ನಿಂತಿತು. ಸನಾದಿಯವನು ಬಾಯಿ ತೆರೆದುಕೊಂಡ. ಮಂದಿಯ ಸುತ್ತು ಒಂದು ಕ್ಷಣ ಗಕ್ಕನೆ ನಿಂತು, ನೆಲದ ನೆನಪಾಗಿ, ಮತ್ತೆ ಹೊರಳಿತು. ಮಣೆಯ ಮೇಲೆ ಇಂದುಮತಿ ಎದುರಿಗಿದ್ದ ವರನನ್ನು ನೆಟ್ಟಗೆ ನೋಡಿದಳು. ಅವನು ಬೆವತುಹೋಗಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ.

"ಆಚಾರ್ರ, ನೋಡಿದ್ದಾತು. ಮುಗಸ್ರಿನ್ನ" ಎಂದಳು, ಮಾಲೆ ಎತ್ತಿ ಅವನ ಕೊರಳಿಗೆ ಹಾಕಿಯೇಬಿಟ್ಟಳು.

"ಸುಮುಹೂರ್ತೇ ಸಾವಧಾನ!" ಎಂದು ಆಚಾರ್ಯರು ಜೋರಾಗಿ ಕೂಗಿದರು. ವಾಲಗ ಹೊಡೆಯಿತು.

"ನನ್ನ ಶ್ಲೋಕ ಇನ್ನೂ ಆಗಿಲ್ಲ! ಮುಖ್ಯ ಸಾಲ ಉಳದದ!" ಎಂದು ಚಿಕ್ಕಮ್ಮ ಕಾಗದ ಆಡಿಸುತ್ತಿದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಆಯಿತು, ಮುಗಿಯಿತು ಎಂದುಕೊಂಡೆ. ಕೋಲು ತಂದು ಅಪ್ಪನ ಕೈಗೆ ಕೊಡಹೋದೆ. ಅವನು ತೆಗೆದುಕೊಳ್ಳಲಿಲ್ಲ. ಹರಿದ ಪಟದ ತುಂಡು ಇನ್ನೂ ಅವನ ಮುಷ್ಟಿಯಲ್ಲಿತ್ತು.

"ಅಪ್ಪಾ, ಕಾಲ ತಗಿ."

"ತಗ್ಯೂದಿಲ್ಲ."

"ಲಗ್ನ ಮುಗದೈತಿ."

"ನೀ ಮುಗಿಸಿದಿ. ನಾ ಮುಗಿಸಿಲ್ಲ." ಅವನ ಕಣ್ಣಲ್ಲಿ ನೀರಿತ್ತು. "ಮೂರು ಲಗ್ನದಾಗ ಒಮ್ಮೆ ಆದ್ರೂ ಈ ಕೈ ಅಲಗಾಡಿತ್ತೇನಲೇ? ಮಂದಿ ಮುಂದ ನನ್ನ ಕೈಯಾಗಿನ ಪಟಾ ಹರದಿ. ಧಣ್ಯಾರಿಗೆ ಯಾವ ಮಾರಿ ತೋರಿಸ್ಲಿ? ನಿಲ್ತೀನಿ. ನಿಂತರ ತಪ್ಪ ತೀರೀತು."

ವಾಲಗದ ಸದ್ದಿನಲ್ಲಿ ಮಂದಿ ನಮ್ಮಿಬ್ಬರ ಸುತ್ತ ತಿರುಗುತ್ತಿದ್ದರು. ಇಡೀ ಪಡಸಾಲೆಯಲ್ಲಿ ಅಲುಗದೆ ನಿಂತವನು ಅವನೊಬ್ಬ. ನಾನು ಅವನ ಸುತ್ತಲಿನ ನಾಲ್ಕು ಕಲ್ಲುಗಳ ಮೇಲೆ ಕುಣಿಯುತ್ತ, ಬೇಡಿಕೊಂಡೆ, ಬೈದೆ, ಕೈ ಮುಗಿದೆ. ದೇಸಾಯರು ಬಳಿಯಲ್ಲೇ ಹಾದುಹೋದರು. ಅವರ ಮುಖ ಕಪ್ಪಿಟ್ಟಿತ್ತು.

"ನಿಂತ್ರ ನಿಲ್ಲಲಿ ಬಿಡೋ. ಅವನ ಇಚ್ಛಾ" ಎಂದರು, ಹೆಜ್ಜೆ ತಪ್ಪಿಸದೆ.

ನಾನು ಬಗ್ಗಿ, ಅಪ್ಪನ ಸೊಂಟಕ್ಕೆ ಕೈ ಹಾಕಿ ಎತ್ತಿದೆ. ಬಲಗಾಲು ಬಂತು. ಎಡಗಾಲಿನ ಹಿಮ್ಮಡಿ ಬರಲಿಲ್ಲ. ಕಲ್ಲು ಆಗಲೇ ಹಿಡಿದಿತ್ತು. ಹಲ್ಲು ಕಚ್ಚಿ, ಒಂದೇ ಜಗ್ಗಿಗೆ ಎಳೆದೆ. ಒದ್ದೆ ಬಟ್ಟೆ ಹರಿದಂಥ ಸದ್ದಾಯಿತು. ಅಂಗೈಯಗಲದ ಚರ್ಮ ಕಲ್ಲಿನ ಮೇಲೇ ಉಳಿಯಿತು. ರಕ್ತ ಹನಿಯತೊಡಗಿತು. ಅಪ್ಪ ನೋವಿಗೆ ಕೂಗಲಿಲ್ಲ, ಅವನಿಗೆ ಗೊತ್ತೇ ಆಗಿರಲಿಲ್ಲ. ಕೂಗಿದ್ದು ಅವಮಾನಕ್ಕೆ. "ಇಳಸಲೇ! ಇಳಸಲೇ ಹಲ್ಕಟ್!" ಎಂದು ಬೆನ್ನಿಗೆ ಗುದ್ದುತ್ತಲೇ ಇದ್ದ. ಹೆಗಲ ಮೇಲೆ ಹಾಕಿಕೊಂಡು, ಅತ್ತರಿನ ಮುದುಕನನ್ನು ದಾಟಿ, ದೊಡ್ಡ ಬಾಗಿಲು ದಾಟಿ ಹೊರಗೆ ಬಂದೆ. ಯಾರೂ ತಡೆಯಲಿಲ್ಲ. ತಡೆಯಬೇಕೆಂದರೆ ನಿಲ್ಲಬೇಕಲ್ಲ.

ಹೊರಗಿನ ಬೇವಿನ ಗಿಡದ ಕೆಳಗೆ ಇಳಿಸಿದೆ. ನನ್ನ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಹಿಮ್ಮಡಿಗೆ ಬಿಗಿದು ಕಟ್ಟಿದೆ. ಕಟ್ಟಿ ಮುಗಿದ ಕೂಡಲೇ ಅವನು ಗಿಡ ಹಿಡಿದು ಎದ್ದ, ಗೋಡೆಗೆ ಕೈ ಊರುತ್ತ ವಾಡೆಯ ಬಾಗಿಲಿಗೆ ಹೊರಟ. ಹಿಡಿದು ತಂದು ಕೂರಿಸಿದೆ. ಮತ್ತೆ ಎದ್ದ. ಕೋಲಿಲ್ಲದೆ ಮಗುವಿನಂತೆ ಅಂಬೆಗಾಲಿಟ್ಟುಕೊಂಡು ಹೊರಟ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಈ ಸಲ ಬೆನ್ನಿಗೆ ಕೂರಿಸಿಕೊಂಡು, ಅವನ ಎರಡೂ ಕಾಲುಗಳನ್ನು ಕಂಕುಳಲ್ಲಿ ಅವುಚಿ, ಮೊದಲು ದವಾಖಾನೆಯ ದಾರಿ ಹಿಡಿದೆ.

ನೆತ್ತಿಯ ಮೇಲೆ ಸೂರ್ಯ. ಬಾಗಿಲುಗಳಲ್ಲಿ ಮಂದಿ ಬಂದು ನಿಂತು ನೋಡಿದರು. ಅಗಸರ ನೀಲವ್ವ, "ಯಾಕೋ ಯಮನೂರ, ಫಕೀರಣ್ಣಗ ಏನಾತು?" ಎಂದು ಕೂಗಿದಳು. "ಏನೂ ಆಗಿಲ್ಲವಾ, ಅದಕ್ಕ ಹೊತಕೊಂಡ ಹೊಂಟೀನಿ" ಎಂದೆ. ಅಪ್ಪ ನಾಚಿಕೆಯಿಂದ ರುಮಾಲನ್ನು ಮುಖದ ಮೇಲೆ ಎಳೆದುಕೊಂಡ. ಅವನ ಹೊಟ್ಟೆ, ಎದೆ, ತೋಳು ಎಲ್ಲ ಒಬ್ಬ ಗಂಡಸಿನಷ್ಟೇ ಭಾರ. ಕಾಲುಗಳು ಮಾತ್ರ ಒಣಗಿದ ಜೋಳದ ದಂಟು.

ದವಾಖಾನೆಯ ಬಾಗಿಲಿಗೆ ಕೀಲಿ ಇತ್ತು. ಕಂಪೌಂಡರು ಮದುವೆಯ ಊಟಕ್ಕೆ ಹೋಗಿದ್ದಾನೆಂದು ಎದುರಿನ ಅಂಗಡಿಯವನು ಹೇಳಿದ, ಒಂದು ತಾಸಾದರೂ ಆಗುತ್ತದೆ ಎಂದ. ಕಟ್ಟೆಯ ಮೇಲೆ ಇಳಿಸಿದರೆ ಅಪ್ಪ ಮತ್ತೆ ಹೊರಡುತ್ತಾನೆ. ಹಾಗಾಗಿ ಇಳಿಸಲಿಲ್ಲ. ಊರನ್ನು ಸುತ್ತತೊಡಗಿದೆ. ಬಜಾರ, ಅಲ್ಲಿಂದ ಕೆರೆ, ಕೆರೆಯಿಂದ ಮತ್ತೆ ಬಜಾರ. ಬೆವರು ಕಣ್ಣಿಗೆ ಇಳಿದು ದಾರಿ ಕಾಣುತ್ತಿರಲಿಲ್ಲ. ವಾಡೆಯ ಕಡೆಯಿಂದ ಇನ್ನೂ ವಾಲಗ ಕೇಳುತ್ತಿತ್ತು.

ಎರಡನೆಯ ಸಲ ಬಜಾರ ದಾಟುವಾಗ ಕಿವಿಯ ಬಳಿ ಅಪ್ಪನ ಉಸಿರು ತಾಗಿತು.

"ನಾಳಿ ಮತ್ತ ಹೋಗಾಂವನ ನಾ."

"ನಾಳಿ ಮತ್ತ ಹೊರಾಂವನ ನಾ."

ಅವನು ಗುದ್ದುವುದನ್ನು ಯಾವಾಗಲೋ ಬಿಟ್ಟಿದ್ದ. ಕೈಗಳು ನನ್ನ ಹೆಗಲ ಮೇಲೆ ಸುಮ್ಮನೆ ಜೋತುಬಿದ್ದಿದ್ದವು. ಇನ್ನೊಂದು ಸುತ್ತಿಗೆ ಕೆರೆಯ ಕಡೆ ಹೊರಳುವಾಗ ಅವನು ನನ್ನ ಕೊರಳ ಬೆವರನ್ನು ಅಂಗೈಯಿಂದ ಒರೆಸಿದ. ಒರೆಸಿ, ಕೈಯನ್ನು ತನ್ನ ಅಂಗಿಗೆ ತಿಕ್ಕಿಕೊಂಡ.

"ಬಿಸಲಾಗ ಯಾಕ ಸಾಯ್ತಿ" ಎಂದ, ಇನ್ನೂ ಸಿಟ್ಟಿನಿಂದಲೇ. "ಪಿಂಜಾರ ಓಣಿ ಹಾದು ಹೋಗು. ನೆರಳೈತಿ."